ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಅರ್ಥ ಬರೆಯುವ ಬಗೆ: ನನ್ನ ಅನುಭವ

ಇಂಗ್ಲಿಷ್ ಪದವೊಂದರ ಅರ್ಥ ಹೇಳಿ ಎಂದು ಯಾರಾದರೂ ಕೇಳಿದರೆ, ಆ ಪದ ಬಂದಿರುವ ಇಡೀ ವಾಕ್ಯವನ್ನು ತೋರಿಸಿ ಎನ್ನುತ್ತೇನೆ. ವಾಕ್ಯ ಸಿಗದಿದ್ದರೆ ಕಾಗದ ಎಲ್ಲಿಯದು ಎಂದಾದರೂ ತಿಳಿದುಕೊಳ್ಳುತ್ತೇನೆ: ಬ್ಯಾಂಕಿನ ಪತ್ರವೋ, ಕೋರ್ಟಿನ ನೋಟಿಸೋ, ಆಸ್ಪತ್ರೆಯ ರಿಪೋರ್ಟೋ, ಶಾಲೆಯ ಪುಸ್ತಕವೋ. ‘ಸ್ಯಾಂಕ್ಷನ್’ ಎಂಬ ಒಂದೇ ಪದವನ್ನು ನೋಡಿ. ಬ್ಯಾಂಕಿನಲ್ಲಿ ಅದು ಸಾಲದ ಮಂಜೂರಾತಿ. ಭ್ರಷ್ಟಾಚಾರದ ಮೊಕದ್ದಮೆಯಲ್ಲಿ, 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಸರ್ಕಾರಿ ನೌಕರನ ಮೇಲೆ ವಿಚಾರಣೆ ನಡೆಸಲು ಬೇಕಾದ ಪೂರ್ವಾನುಮತಿ. ವಿದೇಶ ಸುದ್ದಿಯಲ್ಲಿ ಬಹುವಚನದಲ್ಲಿ ಬಂದರೆ ಒಂದು ದೇಶದ ಮೇಲೆ ಹೇರಿದ ನಿರ್ಬಂಧ. ಅನುಮತಿ, ನಿರ್ಬಂಧ ಎರಡೂ ಒಂದೇ ಪದದೊಳಗಿವೆ. ವಾಕ್ಯ ನೋಡದೆ ಒಂದನ್ನು ಬರೆದುಕೊಟ್ಟರೆ ಅರ್ಥ ತಲೆಕೆಳಗಾಗಬಹುದು.

ಅದಕ್ಕಾಗಿ ನನ್ನ ಪಟ್ಟಿಯಲ್ಲಿ ಒಂದು ಸಾಲಿಗೆ ಒಂದೇ ಅರ್ಥ. ಪದ ಒಂದೇ ಆಗಿದ್ದರೂ ಅರ್ಥ ಮೂರಿದ್ದರೆ ಮೂರು ಸಾಲು. ಪ್ರತಿ ಸಾಲಿನಲ್ಲಿ ಪದ, ಉಚ್ಚಾರ, ನಾಮಪದವೋ ಕ್ರಿಯಾಪದವೋ ಎಂಬುದು, ಕ್ಷೇತ್ರ, ಕನ್ನಡದ ಅರ್ಥ, ಒಂದು ಉದಾಹರಣೆ ವಾಕ್ಯ, ಕೊನೆಗೆ ‘ಇದರ ಜತೆ ಬೆರೆಸಬೇಡಿ’ ಎಂಬ ಕಾಲಂ. ಹೆಚ್ಚು ಪ್ರಯೋಜನಕ್ಕೆ ಬರುವುದು ಈ ಕೊನೆಯ ಕಾಲಂ. ಪದಕೋಶಗಳಲ್ಲಿ ಅಲ್ಪವಿರಾಮ ಹಾಕಿ ಐದಾರು ಅರ್ಥಗಳನ್ನು ಸಾಲಾಗಿ ಕೊಟ್ಟಿರುತ್ತಾರೆ. ಓದುವವರು ಮೊದಲನೆಯದನ್ನೇ ಎತ್ತಿಕೊಳ್ಳುತ್ತಾರೆ. ಯಾವುದು ಎಲ್ಲಿ ಹೊಂದುತ್ತದೆ ಎಂದು ಬರೆದಿಡದಿದ್ದರೆ ಆ ಐದಾರು ಅರ್ಥ ಇದ್ದೂ ಇಲ್ಲದಂತೆ.

ಬ್ಯಾಂಕಿನ ಪದಗಳಲ್ಲಿ ಈ ಕಾಲಂ ತುಂಬಲೇಬೇಕು. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ‘ಮೊರಟೋರಿಯಂ’ ಕೊಡಲು ಬ್ಯಾಂಕುಗಳಿಗೆ ಅವಕಾಶ ಮಾಡಿತು. ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ. ಇದನ್ನು ಕಂತು ಮನ್ನಾ ಎಂದುಕೊಂಡವರು ಇದ್ದರು. ಮೊರಟೋರಿಯಂ ಎಂದರೆ ಕಂತು ಕಟ್ಟುವುದನ್ನು ಮುಂದೂಡುವುದು. ಆ ಅವಧಿಯಲ್ಲೂ ಅಸಲಿನ ಮೇಲೆ ಬಡ್ಡಿ ಓಡುತ್ತಲೇ ಇರುತ್ತದೆ. ಮನ್ನಾ ಎನ್ನುವುದು ‘ವೇವರ್’ಗೆ ಸಲ್ಲುವ ಮಾತು: ಕೊಟ್ಟವರು ವಸೂಲಿಯ ಹಕ್ಕನ್ನೇ ಬಿಟ್ಟುಕೊಡುವುದು. ಮೂರನೆಯದು ‘ರೈಟ್ ಆಫ್’. ವಸೂಲಾಗದೆ ಕುಳಿತ ಸಾಲವನ್ನು ಬ್ಯಾಂಕು ತನ್ನ ಲೆಕ್ಕಪತ್ರದ ಆಸ್ತಿ ಭಾಗದಿಂದ ತೆಗೆದುಹಾಕುವುದು ಇದು. ಸಾಲಗಾರನ ತಲೆಯ ಮೇಲಿನ ಸಾಲ ಹಾಗೆಯೇ ಇರುತ್ತದೆ, ವಸೂಲಿ ಕ್ರಮವೂ ನಡೆಯುತ್ತದೆ. ಇದಕ್ಕೂ ‘ಸಾಲ ಮನ್ನಾ’ ಎಂದೇ ತಲೆಬರಹ ಬರುವುದುಂಟು. ನಾನು ‘ಲೆಕ್ಕದಿಂದ ತೆಗೆದ ಸಾಲ (ವಸೂಲಿ ಹಕ್ಕು ಉಳಿದಿರುತ್ತದೆ)’ ಎಂದು ಬರೆಯುತ್ತೇನೆ. ಉದ್ದವಾದರೂ ಪರವಾಗಿಲ್ಲ. ಒಂದೇ ಪದದಲ್ಲಿ ಹೇಳಬೇಕೆಂಬ ಹಟಕ್ಕೆ ಬಿದ್ದಾಗಲೇ ಇಂಥ ತಪ್ಪುಗಳು ಹುಟ್ಟುವುದು.

ಒತ್ತೆಯ ಪದಗಳೂ ಹೀಗೆಯೇ ಮೂರು. ಚಿನ್ನ ಇಟ್ಟು ಸಾಲ ತಂದರೆ ‘ಪ್ಲೆಡ್ಜ್’, ನಮ್ಮ ಮಾತಿನಲ್ಲಿ ಗಿರವಿ. ವಸ್ತು ಸಾಲ ಕೊಟ್ಟವನ ಕೈಯಲ್ಲಿರುತ್ತದೆ. ಮನೆ, ಜಮೀನಿನಂಥ ಸ್ಥಿರಾಸ್ತಿಯ ಹಕ್ಕನ್ನು ಭದ್ರತೆಯಾಗಿ ಕೊಟ್ಟರೆ ‘ಮಾರ್ಟ್‌ಗೇಜ್’, ಅಡಮಾನ. ಬೈಕು, ಕಾರು, ಅಂಗಡಿಯ ದಾಸ್ತಾನಿನ ಮೇಲಿನ ಸಾಲದಲ್ಲಿ ವಸ್ತು ಸಾಲಗಾರನ ಬಳಿಯೇ ಇದ್ದು ಬ್ಯಾಂಕಿಗೆ ಅದರ ಮೇಲೆ ಹಕ್ಕು ಮಾತ್ರ ಇರುತ್ತದೆ, ಅದು ‘ಹೈಪಾಥಿಕೇಶನ್’. ಇದಕ್ಕೆ ಜನರ ಬಾಯಲ್ಲಿ ಕನ್ನಡ ಪದ ನಿಂತಿಲ್ಲ. ಹಾಗಾಗಿ ಪದವನ್ನು ಹಾಗೆಯೇ ಉಳಿಸಿ, ‘ವಸ್ತು ನಿಮ್ಮಲ್ಲೇ, ಹಕ್ಕು ಬ್ಯಾಂಕಿಗೆ’ ಎಂದು ಪಕ್ಕದಲ್ಲಿ ಬರೆಯುತ್ತೇನೆ. ಸಾಲ ತೀರಿದ ಮೇಲೆ ವಾಹನದ ನೋಂದಣಿ ಪತ್ರವಾದ ಆರ್‌ಸಿಯಲ್ಲಿರುವ ಈ ಪದವನ್ನು ತೆಗೆಸಲು ಬ್ಯಾಂಕಿನ ‘ಆಕ್ಷೇಪಣೆ ಇಲ್ಲ’ ಎಂಬ ಎನ್‌ಒಸಿ ಮತ್ತು ಫಾರಂ 35 ಬೇಕು ಎಂಬುದನ್ನೂ ಅಲ್ಲೇ ಸೇರಿಸುತ್ತೇನೆ. ಈ ಪದದ ಅರ್ಥ ಹುಡುಕುವವರಿಗೆ ಬಹುಮಟ್ಟಿಗೆ ಬೇಕಾಗಿರುವುದು ಅದೇ.

ನನಗೆ ಅತ್ಯಂತ ಮುಖ್ಯವೆನಿಸುವ ಸಾಲು ‘ಲೀಸ್’ನದು. ಇಂಗ್ಲಿಷ್ ನಿಘಂಟು ಬಾಡಿಗೆ ಕರಾರು, ಗುತ್ತಿಗೆ ಎಂದು ಮುಗಿಸುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಸೆಕ್ಷನ್ನಿನ ಲೀಸ್ ಕೂಡ ಅದೇ: ಹಣ ಅಥವಾ ಬೇರೆ ಪ್ರತಿಫಲಕ್ಕೆ ಸ್ಥಿರಾಸ್ತಿಯನ್ನು ಅನುಭವಿಸುವ ಹಕ್ಕು. ಆದರೆ ಬೆಂಗಳೂರಿನಲ್ಲಿ ‘ಮನೆ ಲೀಸ್‌ಗಿದೆ’ ಎಂಬ ಬೋರ್ಡು ಹೇಳುವುದೇ ಬೇರೆ. ಅಲ್ಲಿ ಎಂಟು ಲಕ್ಷವೋ ಹತ್ತು ಲಕ್ಷವೋ ಒಂದೇ ಗಂಟಿನಲ್ಲಿ ಮಾಲೀಕನಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಅಷ್ಟೂ ಹಣವನ್ನು ಬಡ್ಡಿಯಿಲ್ಲದೆ ವಾಪಸ್ ಪಡೆಯುತ್ತಾರೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಹಳೆಯ ಹೆಸರಿದೆ: ಭೋಗ್ಯ. ಕಾನೂನಿನಲ್ಲಿ ಇದರ ಹತ್ತಿರದ ನೆಂಟ ಲೀಸ್‌ಗಿಂತ ಹೆಚ್ಚಾಗಿ ಅದೇ ಕಾಯ್ದೆಯ 58ನೇ ಸೆಕ್ಷನ್ನಿನ ‘ಡಿ’ ಉಪವಿಧಿಯ ‘ಯೂಸುಫ್ರಕ್ಚುವರಿ ಮಾರ್ಟ್‌ಗೇಜ್’, ಅಂದರೆ ಭೋಗ್ಯದ ಅಡಮಾನ. ಸಾಲ ಕೊಟ್ಟವನು ಬಡ್ಡಿಯ ಬದಲಿಗೆ ಆಸ್ತಿಯನ್ನು ಅನುಭವಿಸುತ್ತಾನೆ. ಹೀಗಾಗಿ ‘ಲೀಸ್’ಗೆ ನನ್ನ ಪಟ್ಟಿಯಲ್ಲಿ ಎರಡು ಸಾಲು: ‘ಕಾನೂನು: ಗುತ್ತಿಗೆ, ಬಾಡಿಗೆ ಕರಾರು’ ಮತ್ತು ‘ಬೆಂಗಳೂರಿನ ಆಡುಮಾತು: ಭೋಗ್ಯ’. ಎರಡನೆಯದರ ಎದುರು, ‘ಪತ್ರದ ಮೇಲೆ ಏನೆಂದು ಬರೆದಿದ್ದಾರೆ, ನೋಂದಣಿಯಾಗಿದೆಯೇ ನೋಡಿ’ ಎಂದಿದೆ. ಒಂದು ವರ್ಷ ಮೀರಿದ ಲೀಸನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಬಾಯಿಮಾತಿನ ಅರ್ಥ ಒಂದು, ಸಹಿ ಹಾಕಿದ ಕಾಗದದ ಅರ್ಥ ಇನ್ನೊಂದು ಆದಾಗ ಕೊಟ್ಟ ಗಂಟನ್ನು ವಾಪಸ್ ಪಡೆಯುವುದು ಕಷ್ಟವಾಗುತ್ತದೆ.

ಬೆಂಗಳೂರು ಮೈಸೂರುಗಳ ಇಂಗ್ಲಿಷಿನಲ್ಲಿ ಇಂಥವು ಇನ್ನೂ ಇವೆ. ‘ಸೈಟ್’ ಎಂದರೆ ಇಲ್ಲಿ ಖಾಲಿ ನಿವೇಶನ. ‘ಥರ್ಟಿ ಫಾರ್ಟಿ’ ಎಂದರೆ 30 ಅಡಿಗೆ 40 ಅಡಿ, 1200 ಚದರ ಅಡಿಯದು. ‘ಲೇಔಟ್’ ಬಡಾವಣೆ. ‘ಹೋಟೆಲ್’ ಇಡ್ಲಿ ತಿನ್ನುವ ಜಾಗ, ‘ಕರೆಂಟ್’ ವಿದ್ಯುತ್ತು, ‘ಕಾನ್ವೆಂಟ್’ ಇಂಗ್ಲಿಷ್ ಮಾಧ್ಯಮದ ಶಾಲೆ. ಇವನ್ನು ತಪ್ಪು ಬಳಕೆ ಎಂದು ಪಟ್ಟಿಯಿಂದ ಹೊರಗಿಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಜನ ಬಳಸುವ ಅರ್ಥವೂ ಅರ್ಥವೇ. ‘ಪ್ರಾದೇಶಿಕ’ ಎಂಬ ಗುರುತು ಹಾಕಿ ಒಳಗೆ ಸೇರಿಸಬೇಕು.

ಕೋರ್ಟಿನ ಪದಗಳಲ್ಲಿ ‘ಸ್ಟೇ’ ಮತ್ತು ‘ಇಂಜಂಕ್ಷನ್’ ಎರಡನ್ನೂ ಪತ್ರಿಕೆಗಳು ತಡೆಯಾಜ್ಞೆ ಎನ್ನುತ್ತವೆ. ಸ್ಟೇ ತಡೆಯುವುದು ಒಂದು ಆದೇಶದ ಜಾರಿಯನ್ನು ಅಥವಾ ಕೋರ್ಟಿನ ನಡಾವಳಿಯನ್ನು. ಇಂಜಂಕ್ಷನ್ ಇರುವುದು ವ್ಯಕ್ತಿಗೆ: ಈ ಗೋಡೆ ಕಟ್ಟಬೇಡ, ಈ ಜಮೀನು ಮಾರಬೇಡ. ಮೊದಲನೆಯದಕ್ಕೆ ತಡೆಯಾಜ್ಞೆಯನ್ನೂ ಎರಡನೆಯದಕ್ಕೆ ನಿರ್ಬಂಧಕಾಜ್ಞೆಯನ್ನೂ ಇಟ್ಟರೆ ಗೊಂದಲ ಕಡಿಮೆಯಾಗುತ್ತದೆ. ರಿಜಿಸ್ಟ್ರಾರ್ ಕಚೇರಿಯ ಪದಗಳು ಸುಲಭ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಎಂಬ ಗಟ್ಟಿ ಪದಗಳು ಮೊದಲೇ ಇವೆ, ಹೊಸದನ್ನು ಕಟ್ಟಲು ಹೋಗಬಾರದು.

ಆಸ್ಪತ್ರೆಯ ಕಾಗದದಲ್ಲಿ ಜನರನ್ನು ಹೆದರಿಸುವ ಪದ ‘ಅಕ್ಯೂಟ್’. ಇದಕ್ಕೆ ಎಲ್ಲೆಡೆ ಇರುವ ಅರ್ಥ ‘ತೀವ್ರ’. ವೈದ್ಯಕೀಯದಲ್ಲಿ ಅದು ಮುಖ್ಯವಾಗಿ ಕಾಲವನ್ನು ಹೇಳುತ್ತದೆ: ಹಠಾತ್ತನೆ ಶುರುವಾದದ್ದು, ಸಾಮಾನ್ಯವಾಗಿ ಕಡಿಮೆ ಅವಧಿಯದು. ನೆಗಡಿಯೂ ಅಕ್ಯೂಟ್ ಸೋಂಕೇ. ‘ಕ್ರಾನಿಕ್’ ಎಂದರೆ ಬಹುಕಾಲ ಇರುವುದು. ಮೂತ್ರಪಿಂಡದ ಕಾಯಿಲೆಯನ್ನು ಕ್ರಾನಿಕ್ ಎನ್ನಬೇಕಾದರೆ ತೊಂದರೆ ಮೂರು ತಿಂಗಳಿಗೂ ಮೀರಿ ಇದ್ದಿರಬೇಕು. ನಾನು ‘ದಿಢೀರನೆ ಬಂದ’, ‘ದೀರ್ಘಕಾಲದ’ ಎಂದು ಬರೆದು, ‘ಎಷ್ಟು ಗಂಭೀರ ಎಂಬುದನ್ನು ಈ ಪದವೊಂದರಿಂದಲೇ ತಿಳಿಯಲಾಗದು’ ಎಂದು ಸೇರಿಸುತ್ತೇನೆ. ಇನ್ನು ಪ್ರತಿಜೀವಕ (ಆ್ಯಂಟಿಬಯಾಟಿಕ್), ಪ್ರತಿಕಾಯ (ಆ್ಯಂಟಿಬಾಡಿ), ಪ್ರತಿಜನಕ (ಆ್ಯಂಟಿಜೆನ್) ಎಂಬ ಮೂರೂ ನೋಡಲು ಒಂದೇ ತರಹ. ಪುಸ್ತಕದಲ್ಲಿ ಇರಲಿ, ಸಾಮಾನ್ಯ ಓದುಗರಿಗೆ ಆ್ಯಂಟಿಬಯಾಟಿಕ್ ಎಂದೇ ಬರೆದು ‘ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಔಷಧ, ವೈರಸ್ಸಿಗೆ ಕೆಲಸ ಮಾಡದು’ ಎನ್ನುವುದು ಮೇಲು.

ಶಾಲೆಯ ವಿಜ್ಞಾನದಲ್ಲಿ ಪಠ್ಯಪುಸ್ತಕದ ಪದವನ್ನೇ ಹಿಡಿಯಬೇಕು. ಕರ್ನಾಟಕದ ಪುಸ್ತಕಗಳಲ್ಲಿ ‘ಸ್ಪೀಡ್’ ಎಂದರೆ ಜವ, ‘ವೆಲಾಸಿಟಿ’ ಎಂದರೆ ವೇಗ. ಮನೆಯಲ್ಲಿ ನಾವು ಸ್ಪೀಡನ್ನೇ ವೇಗ ಎನ್ನುತ್ತೇವೆ. ಜವಕ್ಕೆ ಪ್ರಮಾಣ ಸಾಕು, ವೇಗಕ್ಕೆ ದಿಕ್ಕೂ ಬೇಕು ಎಂಬ ವ್ಯತ್ಯಾಸವನ್ನು ಅರ್ಥದ ಜತೆಗೇ ಬರೆಯದಿದ್ದರೆ ಮಕ್ಕಳು ಪರೀಕ್ಷೆಯಲ್ಲಿ ಎಡವುತ್ತಾರೆ.

ಸಂಸ್ಕೃತದಿಂದ ಪದ ಕಟ್ಟುವಾಗ ಇನ್ನೊಂದು ಎಚ್ಚರ ಬೇಕು. ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗ 1961ರಿಂದ ಪದಪಟ್ಟಿಗಳನ್ನು ಕೊಡುತ್ತಿದೆ. ಅವುಗಳಲ್ಲಿ ಹಿಂದಿ ಪದಗಳೇ ಹೆಚ್ಚು. ಲಿಪಿ ಬದಲಿಸಿ ಕನ್ನಡಕ್ಕೆ ಇಳಿಸಿದರೆ ಎಲ್ಲವೂ ನಿಲ್ಲುವುದಿಲ್ಲ. ಹಿಂದಿಯಲ್ಲಿ ‘ಶಿಕ್ಷಾ’ ಶಿಕ್ಷಣ, ನಮ್ಮಲ್ಲಿ ಶಿಕ್ಷೆ ದಂಡನೆ. ಅಲ್ಲಿ ‘ಅವಕಾಶ’ ರಜೆ, ಇಲ್ಲಿ ಅವಕಾಶ ಬೇರೆಯೇ. ಅಲ್ಲಿ ಉಪನ್ಯಾಸ ಕಾದಂಬರಿ, ಇಲ್ಲಿ ಭಾಷಣ. ಪದ ಆರಿಸಿದ ಮೇಲೆ, ಅದೇ ಪದ ಕನ್ನಡದಲ್ಲಿ ಈಗಾಗಲೇ ಬೇರೆ ಕೆಲಸ ಮಾಡುತ್ತಿದೆಯೇ ಎಂದು ಕನ್ನಡ–ಕನ್ನಡ ನಿಘಂಟಿನಲ್ಲಿ ನೋಡಿಯೇ ಮುಂದುವರಿಯುತ್ತೇನೆ.

ಅಂಕಿಗಳಿಗೆ ಪದ ಸಾಲದು, ಲೆಕ್ಕ ಬೇಕು. ಮಿಲಿಯನ್ 10 ಲಕ್ಷ, ಬಿಲಿಯನ್ 100 ಕೋಟಿ, ಟ್ರಿಲಿಯನ್ 1 ಲಕ್ಷ ಕೋಟಿ. ಹಳೆಯ ಬ್ರಿಟಿಷ್ ಪುಸ್ತಕವಾದರೆ ಮುದ್ರಣದ ವರ್ಷ ನೋಡಬೇಕು. ಬ್ರಿಟನ್ ಸರ್ಕಾರ 1974ರಲ್ಲಿ ಅಮೆರಿಕದ ಲೆಕ್ಕಕ್ಕೆ ಬರುವ ಮೊದಲು ಅಲ್ಲಿ ಬಿಲಿಯನ್ ಎಂದರೆ 1 ಲಕ್ಷ ಕೋಟಿ. ‘ಪರ್ಸೆಂಟೇಜ್ ಪಾಯಿಂಟ್’ ಮತ್ತು ಪರ್ಸೆಂಟ್ ಬೇರೆ ಬೇರೆ. 2025ರ ಫೆಬ್ರವರಿಯಲ್ಲಿ ರೆಪೊ ದರ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಶೇ 6.50ರಿಂದ ಶೇ 6.25ಕ್ಕೆ ಇಳಿದಾಗ ಆದ ಇಳಿಕೆ 0.25 ಪರ್ಸೆಂಟೇಜ್ ಪಾಯಿಂಟ್, ಅಂದರೆ 25 ಬೇಸಿಸ್ ಪಾಯಿಂಟ್. ಶೇಕಡಾ ಲೆಕ್ಕದಲ್ಲಿ ಹೇಳಿದರೆ ದರವು ಸುಮಾರು ಶೇ 3.8ರಷ್ಟು ತಗ್ಗಿತು. ಇಂಥ ಸಾಲಿನಲ್ಲಿ ವ್ಯಾಖ್ಯೆಗಿಂತ ಮಾಡಿ ತೋರಿಸಿದ ಲೆಕ್ಕವೇ ಅರ್ಥ.

ಪದವನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಬೇರೆ ಬೇರೆ ಪದಗಳು ಒಂದಾಗಿಬಿಡುತ್ತವೆ. ‘ಪ್ರಿನ್ಸಿಪಲ್’ ಕೊನೆಗೆ ಎ, ಎಲ್ ಅಕ್ಷರಗಳಿದ್ದರೆ ಸಾಲದ ಅಸಲು ಅಥವಾ ಕಾಲೇಜಿನ ಪ್ರಾಂಶುಪಾಲ. ಎಲ್, ಇ ಇದ್ದರೆ ತತ್ವ. ಆದ್ದರಿಂದ ಉಚ್ಚಾರದ ಕಾಲಂ ಪಕ್ಕದಲ್ಲಿ ಇಂಗ್ಲಿಷ್ ಕಾಗುಣಿತದ ಸುಳಿವನ್ನು ಇಡುತ್ತೇನೆ. ಆ್ಯಪ್, ಅ್ಯಪ್, ಆಪ್ ಎಂದು ಮೂರು ರೀತಿ ಬರೆಯುವವರಿದ್ದಾರೆ. ಒಂದನ್ನು ಮುಖ್ಯವಾಗಿಟ್ಟು ಉಳಿದವನ್ನು ಹುಡುಕಾಟಕ್ಕೆಂದು ಸೇರಿಸಬೇಕು. ಕಂಪ್ಯೂಟರಿನಲ್ಲಿ ಹುಡುಕಿದಾಗ ಇರುವ ಪದವೂ ಸಿಗದಿದ್ದರೆ ಎರಡು ಕಾರಣ ನೋಡಿ. ಒಂದು, ಪಠ್ಯ ಹಳೆಯ ಫಾಂಟ್ ಸಂಕೇತದಲ್ಲಿದ್ದು, ಎಲ್ಲ ಕಂಪ್ಯೂಟರಿಗೂ ಸಾಮಾನ್ಯವಾದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಾಗಿಲ್ಲ. ಇನ್ನೊಂದು, ‘ಲೀಸ್‌ಗೆ’ ಎಂಬಲ್ಲಿ ಅರ್ಧಾಕ್ಷರದ ನಂತರ ಒತ್ತಕ್ಷರ ಆಗದಂತೆ ತಡೆಯುವ ಕಣ್ಣಿಗೆ ಕಾಣದ ಚಿಹ್ನೆ, ಯೂನಿಕೋಡಿನ 200ಸಿ, ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲ. ಮೂಲ ಪದಗಳ ಕಾಲಂನ ನಕಲು ಮಾಡಿ, ಆ ನಕಲಿನಲ್ಲಿ ಈ ಚಿಹ್ನೆಯನ್ನೆಲ್ಲ ಅಳಿಸಿ, ಹುಡುಕುವ ಪದದಿಂದಲೂ ಅಳಿಸಿ ಹುಡುಕಿದರೆ ಸಿಗುತ್ತದೆ.

ಬರೆದ ಅರ್ಥವನ್ನು ಎರಡು ರೀತಿ ಪರೀಕ್ಷಿಸುತ್ತೇನೆ. ಮೂಲ ವಾಕ್ಯದಲ್ಲಿ ಇಂಗ್ಲಿಷ್ ಪದ ತೆಗೆದು ಕನ್ನಡದ್ದನ್ನು ಇಟ್ಟು ಜೋರಾಗಿ ಓದುವುದು ಒಂದು. ನಾಲಿಗೆ ತಡವರಿಸಿದರೆ ಪದ ಇನ್ನೂ ಹೊಂದಿಲ್ಲ. ಎರಡನೆಯದು, ಬರೀ ಕನ್ನಡದ ವಿವರಣೆಯನ್ನು ಆ ಕಸುಬಿನವರ ಮುಂದಿಟ್ಟು, ‘ಇದಕ್ಕೆ ನೀವು ಏನಂತೀರಿ?’ ಎಂದು ಕೇಳುವುದು. ಪತ್ರ ಬರಹಗಾರರು, ನರ್ಸುಗಳು, ಬ್ಯಾಂಕಿನ ಕೌಂಟರಿನವರು ಇದನ್ನು ಚೆನ್ನಾಗಿ ಹೇಳುತ್ತಾರೆ. ಅವರು ನಾನು ಹೊರಟ ಪದವನ್ನೇ ಹೇಳಿದರೆ ವಿವರಣೆ ಸರಿಯಾಗಿದೆ. ಬೇರೆ ಪದ ಹೇಳಿದರೆ ಅದನ್ನು ‘ಬೆರೆಸಬೇಡಿ’ ಕಾಲಂಗೆ ಹಾಕಿ ವಿವರಣೆಯನ್ನು ತಿದ್ದುತ್ತೇನೆ. ಕೆಲವೊಮ್ಮೆ ಅವರಿಂದ ನನ್ನದಕ್ಕಿಂತ ಒಳ್ಳೆಯ ಕನ್ನಡ ಪದವೇ ಸಿಗುತ್ತದೆ. ಆಗ ಅದೇ ಮೊದಲ ಅರ್ಥವಾಗುತ್ತದೆ.

ಪ್ರತಿ ಸಾಲಿಗೂ ಕೊನೆಯದಾಗಿ ನೋಡಿದ ತಿಂಗಳು, ವರ್ಷ ಬರೆದಿಡಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯೂ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಬಂದವು. ‘ಸೆಕ್ಷನ್ 144’ ಎಂದರೆ ನಿಷೇಧಾಜ್ಞೆ ಎಂಬುದು ಮಾತಿನಲ್ಲಿ ಇನ್ನೂ ಉಳಿದಿದೆ, ಆದರೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದರ ಸಂಖ್ಯೆ 163. ಹಳೆಯ ತೀರ್ಪು ಓದುವವರಿಗೆ ಹಳೆಯ ಸಂಖ್ಯೆ, ಇಂದಿನ ಆದೇಶ ಓದುವವರಿಗೆ ಹೊಸದು ಬೇಕಾಗುವುದರಿಂದ ಎರಡನ್ನೂ ಒಂದೇ ಸಾಲಿನಲ್ಲಿ, ಜಾರಿಯ ದಿನಾಂಕದ ಸಮೇತ ಇಟ್ಟಿದ್ದೇನೆ.