ಎಡ ಪುಟ, ಬಲ ಪುಟ: ತೋಟದಲ್ಲಿ ಪಾಠ ಹುಡುಕಿದ ನನ್ನ ಅನುಭವ

ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ಹನ್ನೊಂದು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಮಕ್ಕಳು ಇಪ್ಪತ್ತು, ಇಪ್ಪತ್ತೈದು. ಕಾಫಿ ಕೊಯ್ಲಿನ ಕಾಲದಲ್ಲಿ ಇನ್ನೊಂದು ಹತ್ತು ಜಾಸ್ತಿ. ಮುಕ್ಕಾಲು ಪಾಲು ಲೈನ್‌ಮನೆ, ಅಂದರೆ ತೋಟದ ಕೂಲಿಯವರ ಸಾಲುಮನೆ ಮಕ್ಕಳು. "ಪಟಗಳು ಸಾಕು, ಇನ್ನು ಮೇಲೆ ಇವರ ಮನೆ, ತೋಟದಲ್ಲೇ ಪಾಠ ಹುಡುಕುತ್ತೇನೆ" ಅಂದಾಗ ನಮ್ಮ ಸಭೆಯ ಹಿರಿಯರೊಬ್ಬರು ನಕ್ಕುಬಿಟ್ಟರು. "ಸತ್ಯವೇದ ಬಿಟ್ಟು ಗೊಬ್ಬರದ ಪಾಠ ಮಾಡ್ತೀಯೇನಮ್ಮಾ?" ಅಂದರು. ಈಗ ಅವರೇ ಮೊಮ್ಮಗನನ್ನು ಕರೆತಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಮೊಮ್ಮಗ ಬಾರದ ದಿನವೂ ಬರುತ್ತಾರೆ. ಬರೆಯುವ ಧೈರ್ಯ ಬಂದಿದ್ದು ಅದರಿಂದಲೇ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಫ್ಲಾನೆಲ್ ಬೋರ್ಡ್ ಮತ್ತು ಪಟಗಳ ಸೆಟ್ ತರಿಸಿದೆ, ಸುಮಾರು ಮೂರು ಸಾವಿರ. ಎರಡೇ ಮಳೆಗಾಲಕ್ಕೆ ಮೋಶೆಯ ಮುಖಕ್ಕೆ ಬೂಸ್ಟು ಹಿಡಿಯಿತು. ಆಮೇಲೆ ಹಳೆಯ ಪ್ರೊಜೆಕ್ಟರ್, ಹದಿಮೂರೋ ಹದಿನಾಲ್ಕೋ ಸಾವಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಕೊನೆಗೆ ಅರ್ಧ ಬೆಲೆಗೂ ಯಾರೂ ಕೇಳಲಿಲ್ಲ. ಉದಾಹರಣೆ ಕಥೆಗಳ ಪುಸ್ತಕ ನಾಲ್ಕೈದು ಕೊಂಡೆ. ತುಂಬಾ ಹಿಮ, ತುಂಬಾ ರೈಲು. ಕೊಡಗಿನಲ್ಲಿ ರೈಲೇ ಇಲ್ಲ! ರೈಲು ಡ್ರೈವರ್ ನಂಬಿಕೆಯ ಕಥೆ ಹೇಳಿದರೆ ಮಕ್ಕಳು ರೈಲಿನ ಬಗ್ಗೆ ಅರ್ಧ ಗಂಟೆ ಪ್ರಶ್ನೆ ಕೇಳಿದರು. ನಂಬಿಕೆಯ ಬಗ್ಗೆ ಒಂದೂ ಕೇಳಲಿಲ್ಲ.

ಆಮೇಲೆ ಕೊಂಡಿದ್ದು ನಲವತ್ತು ರೂಪಾಯಿಯ ನೋಟ್‌ಬುಕ್. ಎಡ ಪುಟದಲ್ಲಿ ಆ ದಿನ ನಡೆದದ್ದು ಒಂದೇ ಒಂದು. ಬಲ ಪುಟ ಖಾಲಿ. ಬೈಬಲಿನ ವಚನ ತಾನಾಗಿ ನೆನಪಿಗೆ ಬಂದ ದಿನ ಮಾತ್ರ ಬಲಗಡೆ ಬರೆಯಬೇಕು. ಹುಡುಕಿ ತಂದು ಅಂಟಿಸುವ ಹಾಗಿಲ್ಲ. ಈ ಕೊನೆಯ ನಿಯಮ ಮೊದಲ ವರ್ಷ ಇರಲಿಲ್ಲ. ಪೆಟ್ಟು ತಿಂದ ಮೇಲೆ ಮಾಡಿಕೊಂಡಿದ್ದು.

ಮೊದಲ ಪೆಟ್ಟು ಕೊಟ್ಟಿದ್ದು ಮೆಣಸಿನ ಬಳ್ಳಿ. ಬೈಬಲಿನ ಯೋಹಾನ 15ರಲ್ಲಿ ಯೇಸು ತಾನು ದ್ರಾಕ್ಷೇಬಳ್ಳಿ, ನೀವು ಕೊಂಬೆಗಳು ಅನ್ನುತ್ತಾನೆ, ನಮ್ಮಲ್ಲಿ ಮೆಣಸಿನ ಬಳ್ಳಿ ಇದೆ, ಸರಿಹೋಯಿತು ಅಂದುಕೊಂಡೆ. ಬಳ್ಳಿ ಮರವನ್ನು ಅಪ್ಪಿಕೊಂಡ ಹಾಗೆ ನಾವು ಕ್ರಿಸ್ತನಲ್ಲಿ ನೆಲೆಗೊಳ್ಳಬೇಕು ಎಂದು ಚೆನ್ನಾಗಿಯೇ ಹೇಳಿದೆ. ಏಳನೇ ಕ್ಲಾಸಿನ ಹುಡುಗನೊಬ್ಬ ಕೈ ಎತ್ತಿದ. "ಟೀಚರ್, ಮೆಣಸಿಗೆ ಬೇರು ನೆಲದಲ್ಲೇ ಇದೆ. ಮರದಿಂದ ಅದು ಏನೂ ತಗೊಳ್ಳಲ್ಲ. ಸುಮ್ನೆ ಹಿಡ್ಕೊಂಡಿರುತ್ತೆ ಅಷ್ಟೇ." ನಿಜ ಅಲ್ವಾ? ಸೊರಗು ರೋಗ ಬಂದರೆ ಬಳ್ಳಿ ಸಾಯುತ್ತದೆ, ಅದು ಹಬ್ಬಿದ ಸಿಲ್ವರ್ ಓಕ್ ಮರ ಹಾಗೇ ನಿಂತಿರುತ್ತದೆ. ಪಾಠ ಅಲ್ಲಿಗೇ ಮುಗಿಯಿತು.

ಅದೇ ಅಧ್ಯಾಯದಲ್ಲಿ ಫಲ ಕೊಡದ ಕೊಂಬೆಯನ್ನು ತೆಗೆದುಹಾಕುವ ಮಾತೂ ಇದೆ, ಅದು ಮುಂದಿನ ವರ್ಷ ಕಾಫಿ ಗಿಡದಲ್ಲಿ ಸಿಕ್ಕಿತು. ನಮ್ಮದು ಮೂರು ಎಕರೆ ರೊಬಸ್ಟಾ. ಕೊಯ್ಲು ಮುಗಿದು ಕಪಾತು, ಅಂದರೆ ಬೇಡದ ಕೊಂಬೆ ಕಡಿಯುವ ಕೆಲಸ ನಡೆಯುತ್ತಿತ್ತು. ಮೂವತ್ತು ವರ್ಷದಿಂದ ಕತ್ತಿ ಹಿಡಿದ ಹೆಂಗಸೊಬ್ಬರನ್ನು, ಇದರಲ್ಲಿ ಕಷ್ಟ ಯಾವುದು ಎಂದು ಕೇಳಿದೆ. "ಒಣಗಿದ್ದನ್ನ ಯಾರು ಬೇಕಾದ್ರೂ ಕಡೀತಾರೆ. ಹಸಿರಾಗಿ ನೆಟ್ಟಗೆ ಮೇಲೆ ಹೋಗೋ ಚಿಗುರು ಇರುತ್ತಲ್ಲ, ಅದನ್ನ ಕಡಿಯೋಕೆ ಮನಸ್ಸು ಬರಲ್ಲ" ಅಂದರು. ಆ ಚಿಗುರು ಗಿಡದ ಸಾರ ಹೀರುತ್ತದೆ, ಕಾಯಿ ಮಾತ್ರ ಬಿಡುವುದಿಲ್ಲ. ಆ ರಾತ್ರಿ ಬಲ ಪುಟ ಬರೆದೆ. ಸಭೆಯಲ್ಲಿ ನನಗಿದ್ದ ಎರಡು ಜವಾಬ್ದಾರಿಗಳನ್ನು ಆ ತಿಂಗಳೇ ಬಿಟ್ಟೆ. ಯಾವುದು ಎಂದು ಹೇಳುವುದಿಲ್ಲ.

ಅಲ್ಲಿಂದ ಒಂದು ಅಭ್ಯಾಸ ಬಂತು. ಯಾವ ಪಾಠವನ್ನಾದರೂ ಮಕ್ಕಳಿಗೆ ಹೇಳುವ ಮೊದಲು ಆ ಕೆಲಸ ಮಾಡುವವರ ಮುಂದೆ ಹೇಳಿ ನೋಡುತ್ತೇನೆ. ಅವರು ತಲೆ ಕೆರೆದುಕೊಂಡರೆ ಪಾಠ ಬಿಡುತ್ತೇನೆ. ಅರ್ಧಕ್ಕರ್ಧ ಹೀಗೇ ಬಿದ್ದುಹೋಗುತ್ತವೆ. ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಪಾಠವನ್ನು ನಮ್ಮೆಜಮಾನರೇ ಪಾಸು ಮಾಡಿದರು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು. ನೋಡಲು ಆಕಾಶದ ಹಾಗೆ ಚೆಂದದ ನೀಲಿ. ಆದರೂ ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡದೆ ಯಾರೂ ಹೊಡೆಯುವುದಿಲ್ಲ. ಚಾಕುವಿಗೆ ಕೆಂಪಗೆ ತಾಮ್ರ ಹಿಡಿದರೆ ಹುಳಿ ಜಾಸ್ತಿ, ಎಲೆ ಸುಡುತ್ತದೆ, ಇನ್ನಷ್ಟು ಸುಣ್ಣ ಹಾಕಬೇಕು. ಕೀರ್ತನೆ 139ರಲ್ಲಿ ದಾವೀದ ತನ್ನನ್ನು ಪರೀಕ್ಷಿಸು ಎಂದು ದೇವರನ್ನು ಕೇಳುತ್ತಾನಲ್ಲ, ಅದಕ್ಕೆ ಈ ಪಾಠ. ಬಕೆಟ್ಟನ್ನೇ ಕ್ಲಾಸಿಗೆ ಒಯ್ದೆ. ಒಬ್ಬನ ಬಿಳಿ ಅಂಗಿ ಹಾಳಾಯಿತು. ಅವನಮ್ಮನ ಬೈಗುಳ ಬೇರೆ.

ಕೊಡಗಿನಲ್ಲಿ ಬೆಟ್ಟಗಳು ಕುಸಿದ 2018ರ ಆಗಸ್ಟ್ ಬಗ್ಗೆ ಹೇಳಲೇಬೇಕು. ಬೆಟ್ಟ ಕುಸಿದಿದ್ದ ಮಕ್ಕಂದೂರು ಕಡೆಯಿಂದ ಇಬ್ಬರು ಮಕ್ಕಳು ನೆಂಟರ ಮನೆಗೆ ಬಂದಿದ್ದರು. ನಾನು ಪಾಠದ ಪಟ್ಟಿಯಲ್ಲಿದ್ದಂತೆ, ಬಂಡೆಯ ಮೇಲೆ ಕಟ್ಟಿದ ಮನೆ ಮಳೆಗೂ ಬೀಳಲಿಲ್ಲ ಎಂದು ಯೇಸು ಹೇಳಿದ ಸಾಮ್ಯ (ದೃಷ್ಟಾಂತ ಕಥೆ) ತೆಗೆದೆ. ಅಭಿನಯ ಬೇರೆ. ಆ ಹುಡುಗಿ ಮೆಲ್ಲಗೆ, "ನಮ್ಮನೆ ಬೆಟ್ಟದ ಮೇಲೇ ಇತ್ತು" ಅಂದಳು. ನನ್ನ ಕೈ ಎತ್ತಿದಲ್ಲೇ ನಿಂತಿತು. ಪ್ರಾರ್ಥನೆ ಮಾಡಿ ಬೇಗ ಬಿಟ್ಟುಬಿಟ್ಟೆ. ಅವಳ ಮಾತು ಮಾತ್ರ ಎಡ ಪುಟದಲ್ಲಿ ಬರೆದೆ. ಬಲ ಪುಟ ತುಂಬಲು ಎಂಟು ತಿಂಗಳು ಬೇಕಾಯಿತು. ಜೀಪಿನಲ್ಲಿ ಯಾರೋ "ಅಲ್ಲಿನವರ ಪಾಪ" ಎಂದು ಮಾತಾಡುತ್ತಿದ್ದರು. ಲೂಕ 13 ನೆನಪಾಯಿತು. ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಅವರೇನು ಉಳಿದವರಿಗಿಂತ ಪಾಪಿಗಳಾ ಎಂದು ಯೇಸು ಕೇಳಿ, ಇಲ್ಲ ಎಂದು ತಾನೇ ಹೇಳುತ್ತಾನೆ. ಮನೆಯ ಸಾಮ್ಯವನ್ನು ಮೂರು ವರ್ಷ ಮುಟ್ಟಲಿಲ್ಲ.

ಅಡ್ಡ ಪ್ರಯೋಗಗಳೂ ನಡೆದವು. ಸಾಸಿವೆ ಕಾಳನ್ನು ಕುಂಡದಲ್ಲಿ ಬಿತ್ತಿಸಿದೆ, ಜುಲೈ ಮಳೆಗೆ ಕೊಳೆಯಿತು. ಸಾಮ್ಯದಲ್ಲಿರುವ ಹಾಗೆ ಅದು ಮರವಾಗಿ ಹಕ್ಕಿ ಗೂಡು ಕಟ್ಟುವ ಮಾತು ದೂರವೇ ಉಳಿಯಿತು. ಮಳೆ ಲೆಕ್ಕದ ಪುಸ್ತಕದಲ್ಲೇ ಇಂಚು, ಸೆಂಟಿನ ಪಕ್ಕ ಪ್ರಾರ್ಥನೆಗಳನ್ನೂ ಬರೆದಿಟ್ಟೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಂಟು ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಪ್ರಾರ್ಥನೆಗೆ ಅಂಥ ಲೆಕ್ಕ ಇಲ್ಲ. ಒಂದು ವರ್ಷ ಮಾಡಿ ಬಿಟ್ಟೆ. ಆದರೆ ಆ ವರ್ಷದ ಮಳೆ ಲೆಕ್ಕ ಇಡೀ ಊರಲ್ಲಿ ನನ್ನದೇ ಸರಿಯಾಗಿತ್ತು.

ಹಿರಿಯರು ಬದಲಾದದ್ದು ಮತ್ತಾಯ 20ರ, ದ್ರಾಕ್ಷೇತೋಟದ ಕೂಲಿಯವರ ಸಾಮ್ಯ ಹೇಳಿದ ದಿನ. ಅದಕ್ಕೂ ಮುಂಚೆ ಅವರಿಗೆ ಮಿಷನರಿ ಹರ್ಮನ್ ಮೋಗ್ಲಿಂಗ್ ಹೆಸರು ಹೇಳಿ ನೋಡಿದ್ದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದವರು, ಆಮೇಲೆ ಇಲ್ಲೇ ಆನಂದಪುರದಲ್ಲಿ ಕಾಫಿ ತೋಟದ ನಡುವೆ ಸಭೆ ಕಟ್ಟಲಿಲ್ವಾ ಅಂದೆ. "ಅವರು ಜರ್ಮನಿಯವರು, ನೀನು ಸುಂಟಿಕೊಪ್ಪದವಳು" ಅಂದರು. ಅಲ್ಲಿಗೆ ಮುಗೀತು.

ಕೊಯ್ಲಿನ ಕಾಲ. ಅವತ್ತು ಹಿರಿಯರು ತಪ್ಪು ಹಿಡಿಯಲೆಂದೇ ಬಂದಿದ್ದರು. ತಂದೆ ತಾಯಿ ದಿನಕ್ಕೆ ಎಷ್ಟು ಕಿಲೋ ಹಣ್ಣು ಕೊಯ್ದರು ಎಂದು ಮಕ್ಕಳಿಂದ ಬರೆಸಿದೆ. ಎಂಬತ್ತು, ನೂರಾಹತ್ತು, ಒಬ್ಬರದು ನೂರೈವತ್ತು. ಆ ವರ್ಷ ಕಿಲೋಗೆ ಐದು ರೂಪಾಯಿ ಆಸುಪಾಸು. ಆಮೇಲೆ ಸಾಮ್ಯ ಓದಿದೆ. ಸಾಯಂಕಾಲ ಐದಕ್ಕೆ ಬಂದವನಿಗೂ ಪೂರ್ತಿ ಕೂಲಿ. ಕ್ಲಾಸೆಲ್ಲ ಗಲಾಟೆ. "ಮೋಸ ಟೀಚರ್!" ತೂಕಕ್ಕೆ ದುಡ್ಡು ಎಣಿಸುವ ಮನೆಗಳ ಮಕ್ಕಳು, ಬಿಡುತ್ತಾರಾ? ನಾನು ಬಾಯಿ ಬಿಡಲಿಲ್ಲ. ಸುಮ್ಮನಿರುವುದು ಹೇಗೆ, ಎಷ್ಟು ಹೊತ್ತು ಎನ್ನುವುದೇ ನನ್ನ ಗುಟ್ಟು, ಅದನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಐದನೇ ಕ್ಲಾಸಿನ ಹುಡುಗಿ ಕೇಳಿದಳು. "ಅವ್ರನ್ನ ಬೆಳಿಗ್ಗೇನೇ ಯಾಕೆ ಯಾರೂ ಕರ್ಕೊಂಡು ಹೋಗ್ಲಿಲ್ಲ?" ಆಮೇಲೆ ತಾನೇ ಹೇಳಿದಳು. "ನಮ್ಮಜ್ಜಿ ಥರ ಇರ್ಬೇಕು. ವಯಸ್ಸಾಯ್ತು ಅಂತ ಅವಳನ್ನ ಜೀಪಿಗೆ ಹತ್ತಿಸಲ್ಲ."

ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂದು ಆ ಕೂಲಿಯವರು ಹೇಳುವ ಮಾತು ಏಳನೇ ವಚನದಲ್ಲಿದೆ. ಎಷ್ಟು ಸಲ ಓದಿದ್ದೇನೋ, ಅಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಹಿರಿಯರು ಇಪ್ಪತ್ತು ವರ್ಷ ಎಸ್ಟೇಟ್ ರೈಟರ್ (ಆಳುಗಳ ಲೆಕ್ಕ ನೋಡುವವರು) ಆಗಿದ್ದವರು. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ, "ನಾನೂ ಎಷ್ಟೋ ಜನರನ್ನ ವಾಪಸ್ ಕಳಿಸಿದ್ದೀನಮ್ಮಾ" ಅಂದರು.

ಈಗ ಆರನೇ ನೋಟ್‌ಬುಕ್ ನಡೆಯುತ್ತಿದೆ. ಲೆಕ್ಕ ಇಟ್ಟಿಲ್ಲ, ಎಡ ಪುಟ ನಾನ್ನೂರು ದಾಟಿರಬಹುದು, ಬಲ ಪುಟ ನೂರೂ ತುಂಬಿಲ್ಲ. ಹೋದ ವಾರ ಆನೆ ಬಂದು ಬೇಲಿ ಮುರಿದು ಹಲಸಿನ ಹಣ್ಣು ತಿಂದು ಹೋಯಿತು. ಆರು ಕಾಫಿ ಗಿಡ ನೆಲಕ್ಕೆ. ಹಲಸು ಕಾಯಿ ಇದ್ದಾಗಲೇ ಕಡಿದು ಹಾಕಿ ಎಂದು ಎಲ್ಲರೂ ಹೇಳಿದ್ದರು, ನಮ್ಮೆಜಮಾನರು ಕೇಳಿರಲಿಲ್ಲ. "ಅದಕ್ಕೂ ಹೊಟ್ಟೆ ಇದೆ" ಎಂದು ಈಗಲೂ ಹೇಳುತ್ತಾರೆ. ಎಡಗಡೆ ಬರೆದಿಟ್ಟಿದ್ದೇನೆ. ಬಲಗಡೆ ಇನ್ನೂ ಖಾಲಿ.