ಹಳೆ ಪದ್ಮಿನಿ ಕಾರಿನ ಶಾಕ್ ಅಬ್ಸಾರ್ಬರ್ ಬಿಚ್ಚುವಾಗ ಬೋಲ್ಟ್ ಕೈಕೊಟ್ಟರೆ

ದಾವಣಗೆರೆ ಸುತ್ತ ಇನ್ನೂ ಓಡುವ ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಹಿಂದಿನ ಶಾಕ್‌ನ ಕೆಳಗಿನ ನಟ್ಟೇ ಹೆಚ್ಚು ಕಾಡುತ್ತದೆ. ಕೆಸರು, ನೀರು ನೇರ ಅಲ್ಲಿಗೇ ಬಡಿಯುತ್ತವೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ.

ಹಿಂದಿನ ರಾತ್ರಿಯೇ ವೈರ್ ಬ್ರಷ್‌ನಿಂದ ಥ್ರೆಡ್ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಹನ್ನೆರಡು ಮೂಲೆಯ ಸಾಕೆಟ್ ಬೇಡ, ಅದೇ ನಟ್ಟಿನ ಮೂಲೆ ತಿನ್ನುವುದು. ಆರು ಮೂಲೆಯದನ್ನೇ ಹಾಕಿ. ಅಂಬಾಸಿಡರ್‌ಗೆ ಇಂಚಿನ ಪಾನಾ ಬೇಕು, ಮಿಲಿಮೀಟರ್ ಪಾನಾ ಸಡಿಲವಾಗಿ ಕೂತು ಜಾರುತ್ತದೆ.

ಮೂಲೆ ಆಗಲೇ ಸವೆದಿದ್ದರೆ ಒಂದು ಸೈಜ್ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸಿ. ಅದೂ ಆಗದಿದ್ದರೆ ನಟ್ ಸ್ಪ್ಲಿಟರ್ (ನಟ್ ಸೀಳುವ ಸಾಧನ) ಅಥವಾ ಹ್ಯಾಕ್ಸಾ. ಮೇಲ್ತುದಿಯ ರಾಡ್ ನಟ್ಟಿನ ಜೊತೆಗೇ ಸುತ್ತುತ್ತಿದ್ದರೆ ವೈಸ್ ಗ್ರಿಪ್‌ನಿಂದ ಹಿಡಿಯಿರಿ. ಹಳೆ ಶಾಕ್ ಹೇಗೂ ಗುಜರಿಗೆ, ಗೀರಾದರೆ ಚಿಂತೆಯಿಲ್ಲ. ಗ್ಯಾಸ್ ಬೆಂಕಿ ಮಾತ್ರ ಬೇಡವೇ ಬೇಡ: ಹತ್ತಿರದಲ್ಲೇ ಪೆಟ್ರೋಲ್ ಟ್ಯಾಂಕ್ ಇದೆ, ಕಾದ ಶಾಕ್ ಸಿಡಿಯಲೂಬಹುದು.

ಬೋಲ್ಟ್ ತುಂಡಾಗಿ ಒಳಗೇ ಉಳಿದರೆ ನಡುಮಧ್ಯಕ್ಕೆ ಪಂಚ್ (ಚೂಪು ತುದಿಯ ಉಳಿ) ಹೊಡೆದು ಗುರುತು ಮಾಡಿ, ಚಿಕ್ಕ ಬಿಟ್‌ನಿಂದ ಶುರುಮಾಡಿ ಹಂತಹಂತವಾಗಿ ಡ್ರಿಲ್ ಮಾಡಿ. ಪಂಚ್ ಪಕ್ಕಕ್ಕೆ ಜಾರಿದರೆ ಡ್ರಿಲ್‌ನ ಬಿಟ್ ತೂತಿನ ಗೋಡೆಯನ್ನೇ ಕೊರೆಯುತ್ತದೆ, ಹಾಗಾಗಿ ಇಲ್ಲಿ ಅವಸರ ಮಾಡಬೇಡಿ. ಒಳಥ್ರೆಡ್ಡೇ ಹೋಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಹಾಕಿಸಿ. ದೊಡ್ಡ ಬೋಲ್ಟ್‌ಗೆ ಟ್ಯಾಪ್ ಹೊಡೆದರೆ (ಒಳಥ್ರೆಡ್ ಹೊಸದಾಗಿ ಕೊರೆದರೆ) ಶಾಕ್‌ನ ಬುಷ್ (ಬೋಲ್ಟ್ ಹಾಯುವ ಒಳಕೊಳವೆ) ಹೊಂದುವುದಿಲ್ಲ. ಟ್ಯಾಪ್ ಹೊಡೆಯಲೇಬೇಕಾದರೆ ಎಂ10 (10 ಮಿ.ಮೀ. ದಪ್ಪದ) ಬೋಲ್ಟ್‌ನಲ್ಲಿ 1.25 ಮಿ.ಮೀ. ಪಿಚ್ (ಥ್ರೆಡ್‌ನಿಂದ ಥ್ರೆಡ್‌ಗೆ ಅಂತರ)‌ಗೆ 8.8 ಮಿ.ಮೀ. ತೂತು, 1.5 ಪಿಚ್‌ಗೆ 8.5.

ಹೊಸದಕ್ಕೆ 8.8 ಗ್ರೇಡ್ (ಬಲದ ದರ್ಜೆ) ಬೋಲ್ಟ್, ನೈಲಾಕ್ (ಒಳಗೆ ನೈಲಾನ್ ಉಂಗುರ ಇರುವ, ಸಡಿಲವಾಗದ) ನಟ್ ಹಾಕಿ. ಶಾಕ್ ತುದಿಯ ಕಣ್ಣಿನಂಥ ಉಂಗುರದಲ್ಲಿ ರಬ್ಬರ್ ಬುಷ್ ಇದ್ದರೆ ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿತ ಕೊಡಿ. ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.