ಓದಲು ತೊಡಕಿರುವ ಮಗುವಿನ ಪರವಾಗಿ ಶಾಲೆಯಲ್ಲಿ ಮಾತಾಡುವುದು ಹೇಗೆ?

ಪುಟದಲ್ಲಿರುವುದು ‘ಮನೆ’. ಮಗು ಓದುವುದು ‘ಮರ’. ಮೊದಲ ಅಕ್ಷರ ಹಿಡಿದು, ಪಕ್ಕದ ಚಿತ್ರದ ಕಡೆ ಕಣ್ಣು ಹಾಯಿಸಿ, ಉಳಿದದ್ದನ್ನು ಊಹಿಸುತ್ತದೆ. ಅದೇ ಪಾಠವನ್ನು ನೀವು ಓದಿ ಹೇಳಿ ನೋಡಿ, ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಡುತ್ತದೆ. ದಯವಿಟ್ಟು ಇಂಥ ಮಗುವನ್ನು ಸೋಮಾರಿ ಎನ್ನಬೇಡಿ.

ವಿಶೇಷ ಶಿಕ್ಷಕಿಯಾಗಿ ನಾನು, ಇಂಥ ಮಕ್ಕಳ ಬಗ್ಗೆ ಶಾಲೆ ಮತ್ತು ಪೋಷಕರು ಸೇರಿ ಮಾತಾಡುವ ಮೀಟಿಂಗ್‌ಗಳಲ್ಲಿ ಶಾಲೆಯ ಕಡೆ ಕೂತವಳು. ಪೋಷಕರ ಕಣ್ಣೀರಿಗೆ ಎಲ್ಲರೂ ಮರುಗುತ್ತಾರೆ. ಆದರೆ ಕೆಲಸ ಆಗುವುದು ಅವರು ತಂದ ಹಾಳೆಗಳಿಂದ.

ಮೊದಲು ಬರೆದಿಡಿ

ಎರಡು ವಾರ, ದಿನಕ್ಕೆ ಹತ್ತು ನಿಮಿಷ ಮಗುವಿನಿಂದ ಗಟ್ಟಿಯಾಗಿ ಓದಿಸಿ. ಯಾವ ಪದ ಏನಾಯಿತು, ಯಾವ ಒತ್ತಕ್ಷರ ಬಿಟ್ಟುಹೋಯಿತು, ಎಷ್ಟು ಹೊತ್ತಿಗೆ ‘ಹೊಟ್ಟೆನೋವು’ ಶುರುವಾಯಿತು, ಎಲ್ಲವನ್ನೂ ದಿನಾಂಕ ಹಾಕಿ ಬರೆಯಿರಿ. ಕುಟುಂಬದಲ್ಲಿ ಬೇರೆ ಯಾರಿಗಾದರೂ ಓದು ಕಷ್ಟವಾಗಿತ್ತೇ ಎಂಬುದನ್ನೂ ಸೇರಿಸಿ. ಡಿಸ್ಲೆಕ್ಸಿಯಾ, ಅಂದರೆ ಓದಿನ ಈ ತೊಡಕು, ವಂಶದಲ್ಲಿ ಹರಿದುಬರುವುದುಂಟು.

ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆ ಅನುಮಾನ ಮೊದಲು ಕಳೆಯಲಿ. ಆದರೆ ಡಿಸ್ಲೆಕ್ಸಿಯಾ ಕಣ್ಣಿನ ಕಾಯಿಲೆಯಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಮಾತಿನ ಸದ್ದನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವಲ್ಲಿ ಇರುವ ತೊಡಕು ಅದು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದಿದ್ದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಅವನೇ ಜಾಣನಾಗುತ್ತಿದ್ದ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಎಂದು ಯಾರಾದರೂ ಹೇಳಿದರೆ ದುಡ್ಡು ಸುರಿಯಬೇಡಿ. ಅವುಗಳಿಂದ ಓದು ಬರುತ್ತದೆ ಎಂಬುದಕ್ಕೆ ಸರಿಯಾದ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರು ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ.

ಮೌಲ್ಯಮಾಪನವನ್ನು ಪತ್ರದಲ್ಲೇ ಕೇಳಿ

‘ದೊಡ್ಡವನಾದ ಮೇಲೆ ಸರಿಹೋಗುತ್ತೆ ಬಿಡಿ’ ಎಂಬ ಮಾತಿಗೆ ಸಮಾಧಾನಪಟ್ಟು ಕೂರಬೇಡಿ. ಕಾದಷ್ಟೂ ಅಂತರ ಹೆಚ್ಚುತ್ತದೆ. ‘ನನ್ನ ಮಗುವಿನ ಓದಿನ ಪೂರ್ಣ ಮೌಲ್ಯಮಾಪನ ಮಾಡಿಸಬೇಕೆಂದು ಕೋರುತ್ತೇನೆ’ ಎಂದು ಬರೆದು, ಟಿಪ್ಪಣಿ ಲಗತ್ತಿಸಿ, ಪ್ರತಿ ಇಟ್ಟುಕೊಂಡು, ಸ್ವೀಕೃತಿ ಪಡೆಯಿರಿ. ಬರೀ ಐಕ್ಯೂ ಪರೀಕ್ಷೆ ಸಾಲದು. ‘ತಗಿಮು’, ‘ಬೂಣಸಿ’ಯಂಥ ಅರ್ಥವಿಲ್ಲದ ಪದಗಳನ್ನು ಓದಿಸಿದರೇ ಎಂದು ಕೇಳಿ. ಅಲ್ಲಿ ಊಹೆ ನಡೆಯುವುದಿಲ್ಲ, ನಿಜವಾದ ತೊಡಕು ಬಯಲಾಗುತ್ತದೆ. ಓದುವ ವೇಗ, ಕಾಗುಣಿತ, ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ, ಇವೂ ವರದಿಯಲ್ಲಿ ಇರಲಿ.

ಗುರಿಯಲ್ಲಿ ಅಂಕಿ ಇರಲಿ

ಮೀಟಿಂಗ್‌ನಲ್ಲಿ ನೀವು ಪಟ್ಟುಹಿಡಿಯಬೇಕಾದ ಜಾಗ ಇದೇ. ನಿಮ್ಮ ಮಗುವಿಗೆಂದೇ ಬರೆಯುವ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ‘ಓದು ಸುಧಾರಿಸಬೇಕು’ ಎಂದು ಬರೆದಿದ್ದರೆ ಸಹಿ ಹಾಕಬೇಡಿ. ಅದನ್ನು ಯಾರೂ ಅಳೆಯಲಾರರು. ಮಗು ಈಗ ನಿಮಿಷಕ್ಕೆ 30 ಪದ ಓದಿ 9 ತಪ್ಪು ಮಾಡುತ್ತಿದೆ ಎಂದುಕೊಳ್ಳಿ. ಅಂದರೆ ಸರಿಯಾಗಿ ಓದಿದ್ದು 21. ಗುರಿ ಹೀಗಿರಲಿ: ‘ನಾಲ್ಕು ತಿಂಗಳಲ್ಲಿ, ಮೊದಲು ನೋಡಿರದ ಪಾಠದಲ್ಲಿ, ನಿಮಿಷಕ್ಕೆ 35 ಪದ ಸರಿಯಾಗಿ ಓದಬೇಕು, ಎರಡು ವಾರಕ್ಕೊಮ್ಮೆ ಅಳೆದು ಮನೆಗೆ ತಿಳಿಸಬೇಕು.’

ಆಮೇಲೆ ಕೇಳಿ: ಯಾರು ಕಲಿಸುತ್ತಾರೆ? ವಾರಕ್ಕೆ ಎಷ್ಟು ದಿನ, ಎಷ್ಟು ನಿಮಿಷ? ಗುಂಪಿನಲ್ಲಿ ಎಷ್ಟು ಮಕ್ಕಳು? ಯಾವ ಕ್ರಮ? ಸದ್ದು ಮತ್ತು ಅಕ್ಷರದ ನಂಟನ್ನು ಸುಲಭದಿಂದ ಕಷ್ಟಕ್ಕೆ, ಮೆಟ್ಟಿಲು ಮೆಟ್ಟಿಲಾಗಿ, ಬಾಯಿಬಿಟ್ಟು ಹೇಳಿಕೊಡುವ ಕ್ರಮವೇ ಈ ಮಕ್ಕಳಿಗೆ ಒಗ್ಗುವುದು. ಚಿತ್ರ ನೋಡಿ ಊಹಿಸು ಎನ್ನುವ ಪದ್ಧತಿ ಅವರ ದೌರ್ಬಲ್ಯವನ್ನೇ ಬೆಳೆಸುತ್ತದೆ.

ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಪ್ರಶ್ನೆ ಓದಿ ಹೇಳುವವರು, ಆಡಿಯೋ ಪುಸ್ತಕ, ಇವನ್ನೂ ಕೇಳಿ ಪಡೆಯಿರಿ. ಆದರೆ ಸಮಯ ಕೊಟ್ಟ ಮಾತ್ರಕ್ಕೆ ಓದು ಬರುವುದಿಲ್ಲ. ರಿಯಾಯಿತಿ ಕೊಟ್ಟು ಕಲಿಸುವುದನ್ನು ಕೈಬಿಡುವ ಶಾಲೆಗಳಿವೆ.

ಮೀಟಿಂಗ್ ಮುಗಿದ ದಿನವೇ ‘ಇಂದು ಹೀಗೆ ಒಪ್ಪಿಕೊಂಡೆವು’ ಎಂದು ನಾಲ್ಕು ಸಾಲು ಬರೆದು ಕಳಿಸಿ. ನೀವು ಕೇಳಿದ್ದಕ್ಕೆ ಶಾಲೆ ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಅಂಗವೈಕಲ್ಯವಿರುವವರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆ ಒಡಂಬಡಿಕೆಯ 24ನೇ ವಿಧಿ ಶಿಕ್ಷಣವನ್ನು ಹಕ್ಕು ಎಂದಿದೆ. ನೀವು ಬೇಡುತ್ತಿರುವುದು ದಯೆಯಲ್ಲ.

ಮಗುವನ್ನೂ ಕೇಳಲು ಮರೆಯಬೇಡಿ. ಒಬ್ಬ ಹುಡುಗಿಗೆ ‘ಕ್ಲಾಸಿನಲ್ಲಿ ನಿನಗೇನು ಬೇಕು ಪುಟ್ಟಿ’ ಎಂದೆ. ತುಂಬ ಹೊತ್ತು ಸುಮ್ಮನಿದ್ದು, ‘ನಾಳೆ ಯಾವ ಪುಟ ಓದಿಸ್ತೀರಿ ಅಂತ ಇವತ್ತೇ ಹೇಳಿ ಮಿಸ್’ ಎಂದಳು. ಅವಳ ಯೋಜನೆಯ ಮೊದಲ ಸಾಲಾಗಿ ಅದನ್ನೇ ಬರೆದೆವು.